ಬಾಸ್ ನಾಬ್ ತಿರುಗಿಸಿದರೆ ಗರಗರ, ಮೂರನ್ನೂ ಸೊನ್ನೆಗಿಳಿಸಿದರೆ ಸದ್ದು ಕ್ಷೀಣ: 5ಎಫ್6-ಎ ಗಿಟಾರ್ ಆಂಪ್‌ನ ಟೋನ್ ಸರ್ಕ್ಯೂಟ್

ಪ್ರಶ್ನೆ:
ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್‌ನ 1958ರ 5ಎಫ್6-ಎ ಎಂಬ ನಕ್ಷೆಯನ್ನು ಅನುಸರಿಸಿ ಒಂದು ವಾಲ್ವ್ ಆಂಪ್ ಜೋಡಿಸಿದ್ದೇನೆ. ಹಳೆಯ ಕಾಲದ ನಾದ ಬರಲೆಂದು, ಕೆಟ್ಟುಹೋದ ರೇಡಿಯೋದಿಂದ ಕಳಚಿದ ಕಾಗದದ ಕೆಪಾಸಿಟರ್‌ಗಳನ್ನು ಟೋನ್ ಭಾಗಕ್ಕೆ ಹಾಕಿದ್ದೇನೆ. ಟ್ರೆಬಲ್, ಬಾಸ್, ಮಿಡ್ ಮೂರನ್ನೂ ಸೊನ್ನೆಗೆ ತಂದರೆ ಸದ್ದು ತೀರಾ ಕ್ಷೀಣವಾಗುತ್ತದೆ. ಬಾಸ್ ತಿರುಗಿಸಿದಾಗ ಗರಗರ ಎನ್ನುತ್ತದೆ. ಪಾಟ್ (ನಾಬ್‌ನ ಹಿಂದಿರುವ, ತಿರುಗಿಸಿ ಹೊಂದಿಸುವ ರೆಸಿಸ್ಟರ್) ಬದಲಿಸಿದರೂ ಗುಣವಾಗಲಿಲ್ಲ.

ಉತ್ತರ:
ಮೊದಲನೆಯದು ದೋಷವಲ್ಲ. 1952ರಲ್ಲಿ ಪೀಟರ್ ಬ್ಯಾಕ್ಸಾಂಡಲ್ ಪ್ರಕಟಿಸಿದ, ಹೈ-ಫೈ ಸೆಟ್‌ಗಳಲ್ಲಿ ಮನೆಮಾತಾದ ಸರ್ಕ್ಯೂಟಿನಲ್ಲಿ ನಾಬ್‌ಗಳು ಸೊನ್ನೆಯಲ್ಲಿದ್ದರೂ ಮಧ್ಯಸ್ವರ ಕೇಳಿಸುತ್ತದೆ. ಬಾಸ್‌ಮನ್‌ನಲ್ಲಾದರೋ ಮೂರು ಪಾಟ್‌ಗಳು ಒಂದರ ಕೆಳಗೊಂದು ಜೋಡಣೆಯಾಗಿರುವುದರಿಂದ, ಮೂರೂ ಸೊನ್ನೆಯಾದಾಗ ಸಂಕೇತದ ಬಹುಪಾಲು ಗ್ರೌಂಡಿಗೆ ಇಳಿದುಬಿಡುತ್ತದೆ.

ಎರಡನೆಯದು ನಿಜವಾದ ದೋಷ, ಮತ್ತು ನನ್ನ ಅನುಮಾನ ಆ ರೇಡಿಯೋ ಕೆಪಾಸಿಟರ್‌ಗಳ ಮೇಲೆ. ಟೋನ್ ಭಾಗಕ್ಕೆ ಸಂಕೇತ ಒದಗಿಸುವ ಕ್ಯಾಥೋಡ್ ಫಾಲೋಯರ್ ಎಂಬ ವಾಲ್ವ್ ಹಂತದಲ್ಲಿ ಸುಮಾರು 180 ವೋಲ್ಟ್ ಡಿಸಿ (ನೇರ ವಿದ್ಯುತ್) ಇರುತ್ತದೆ. ಅದನ್ನು ತಡೆಯುವುದೇ ಕೆಪಾಸಿಟರ್‌ನ ಕೆಲಸ. ತೇವ ಹೀರಿದ ಹಳೆಯ ಕಾಗದ ಆ ಡಿಸಿಯನ್ನು ಸೋರಲು ಬಿಡುತ್ತದೆ; ಅದು ಪಾಟ್‌ಗೆ ಸೇರಿದರೆ, ತಿರುಗಿಸಿದಾಗ ಗರಗರ ಕೇಳಿಸುತ್ತದೆ. ಮೀಟರಿನ ಕಪ್ಪು ತಂತಿಯನ್ನು ಚಾಸಿಸ್‌ಗೆ ಕ್ಲಿಪ್ ಮಾಡಿ, ಬಾಸ್ ಪೂರ್ತಿ ಏರಿಸಿ, ಒಂದೇ ಕೈಯಿಂದ ಮೀಟರಿನ ಕೆಂಪು ತಂತಿಯ ತುದಿಯನ್ನು ಪಾಟ್‌ನ ಮೇಲಿನ ಕಾಲಿಗೆ ಮುಟ್ಟಿಸಿ ನೋಡಿ: ಅಲ್ಲಿ ಡಿಸಿ ಸೊನ್ನೆಯಿರಬೇಕು. ಬೆಸುಗೆಗೆ ಮುನ್ನ ವಿದ್ಯುತ್ ತೆಗೆದು, ಫಿಲ್ಟರ್ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಅವುಗಳಲ್ಲಿ 400 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಪ್ರಶ್ನಿಸಿದವರು:
11 ವೋಲ್ಟ್ ತೋರಿಸಿತು. ಬಾಸ್‌ನ 0.02 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಒಂದು ತುದಿ ಬಿಡಿಸಿದೊಡನೆ ಸೊನ್ನೆಗೆ ಬಂತು. 600 ವೋಲ್ಟ್‌ನ ಹೊಸ 0.022 ಫಿಲ್ಮ್ ಕೆಪಾಸಿಟರ್ ಹಾಕಿದ ಮೇಲೆ ಗರಗರ ಇಲ್ಲ. ಆದರೆ ಮಧ್ಯಸ್ವರ ಇನ್ನಷ್ಟು ಬೇಕೆನಿಸುತ್ತಿದೆ.

ಉತ್ತರ:
ಉಳಿದ ಕಾಗದದವನ್ನೂ ಕಿತ್ತುಹಾಕಿ. ನಾದದ ನೆಪದಲ್ಲಿ ಸೋರುವ ವಸ್ತುವನ್ನು ಇಟ್ಟುಕೊಳ್ಳುವ ಚಪಲ ನನಗಂತೂ ಅರ್ಥವಾಗುವುದಿಲ್ಲ. ಇನ್ನು ಮಧ್ಯಸ್ವರದ ವಿಷಯ. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು 1960ರ ದಶಕದ ಆರಂಭದಲ್ಲಿ ಜೆಟಿಎಮ್45 ಎಂಬ ಆಂಪ್ ತಯಾರಿಸಿದಾಗ ಎತ್ತಿಕೊಂಡದ್ದು ಇದೇ ಬಾಸ್‌ಮನ್ ನಕ್ಷೆಯನ್ನು. ಮುಂದಿನ ಮಾದರಿಗಳಲ್ಲಿ ಅವರು ಬಾಸ್ ಮತ್ತು ಮಿಡ್ ಕೆಪಾಸಿಟರ್‌ಗಳಿಗೆ ಸಂಕೇತ ಒಯ್ಯುವ 56 ಕಿಲೋ ಓಮ್‌ನ ಸ್ಲೋಪ್ ರೆಸಿಸ್ಟರನ್ನು 33ಕ್ಕೆ ಇಳಿಸಿ, ಟ್ರೆಬಲ್ ಕೆಪಾಸಿಟರನ್ನು 250ರಿಂದ 500 ಪಿಕೋಫ್ಯಾರಡ್‌ಗೆ ಏರಿಸಿದರು. ಮಧ್ಯಸ್ವರ ಮುಂದೆ ಬಂದದ್ದು ಹಾಗೆ. ಇತ್ತ ಫೆಂಡರ್‌ನವರು ಅದಕ್ಕೆ ವಿರುದ್ಧವಾದ ದಾರಿ ಹಿಡಿದು, 1963ರ ಎಬಿ763 ಸರ್ಕ್ಯೂಟಿನಲ್ಲಿ ಕ್ಯಾಥೋಡ್ ಫಾಲೋಯರನ್ನೇ ಕೈಬಿಟ್ಟು, ಸ್ಲೋಪ್ ರೆಸಿಸ್ಟರ್ ಜಾಗಕ್ಕೆ 100 ಕಿಲೋ ಓಮ್ ಹಾಕಿ, ಮಧ್ಯಸ್ವರವನ್ನು ಆಳವಾಗಿ ತಗ್ಗಿಸಿದರು.

ಮಧ್ಯಸ್ವರ ಹೆಚ್ಚಿಸಲು ನೀವು ಏನನ್ನೂ ಕೀಳಬೇಕಾಗಿಲ್ಲ. ಈಗಿರುವ 56ಕ್ಕೆ ಸಮಾನಾಂತರವಾಗಿ 82 ಕಿಲೋ ಓಮ್ ಬೆಸೆದರೆ ಹೆಚ್ಚುಕಡಿಮೆ 33 ಸಿಗುತ್ತದೆ. ಒಂದು ವಾರ ನುಡಿಸಿ ನೋಡಿ, ಒಗ್ಗದಿದ್ದರೆ ಬಿಡಿಸಿಬಿಡಿ.