ಅಪ್‌ಡೇಟ್: ಹಳೆಯ ಕಂಪ್ಯೂಟರ್ ಬಳಗಕ್ಕೆ ಮತ್ತೆ ಜನ ಬರುತ್ತಿದ್ದಾರೆ

ಕಮೋಡೋರ್ 64, ಸ್ಪೆಕ್ಟ್ರಮ್‌ನಂಥ 1980ರ ದಶಕದ ಮನೆ ಕಂಪ್ಯೂಟರ್‌ಗಳ ಹವ್ಯಾಸಿಗಳಾದ ನಮ್ಮ ಬಳಗ ಸೊರಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಆಟದ ಸ್ಪರ್ಧೆ ಇಟ್ಟರೆ ಬಂದವರು ಹಳಬರೇ. ಫಲ ಕೊಟ್ಟದ್ದು ‘ದುರಸ್ತಿ ದಿನ ಇಡಿ’ ಎಂಬ ಸಲಹೆ. ಅಟ್ಟದಲ್ಲಿ ಕೆಟ್ಟು ಬಿದ್ದಿದ್ದ ಯಂತ್ರಗಳನ್ನು ಹೊತ್ತುಕೊಂಡು ಹೊಸಬರು ಬಂದರು. ಅವರಿಗೆ ಮೊದಲು ಹೇಳುವುದು ಒಂದೇ: 1982ರಲ್ಲಿ ಬಂದ ಕಮೋಡೋರ್ 64ರ ಮೂಲ ಪವರ್ ಅಡಾಪ್ಟರನ್ನು ಪರೀಕ್ಷಿಸದೆ ಜೋಡಿಸಬೇಡಿ. ಅದು ಕೆಟ್ಟರೆ 5 ವೋಲ್ಟ್ ಇರಬೇಕಾದ ಕಡೆ ವೋಲ್ಟೇಜ್ ಏರಿ ಮೆಮೊರಿ ಚಿಪ್‌ಗಳೇ ಸುಟ್ಟುಹೋಗಬಹುದು. ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆದು ನೋಡಿ. ಅಚ್ಚರಿಯೆಂದರೆ, ಕ್ಯಾಸೆಟ್‌ನಿಂದ ಆಟ ಲೋಡ್ ಆಗದಿದ್ದಾಗ ಪ್ಲೇಯರ್‌ನಲ್ಲಿ ಟೇಪ್ ಓದುವ ಹೆಡ್‌ನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಸದ್ದು ಚುರುಕಾಗುವವರೆಗೂ ತಾಳ್ಮೆಯಿಂದ ಕಿವಿಗೊಟ್ಟವರು ಹದಿಹರೆಯದವರು! ಮುಂದಿನ ದುರಸ್ತಿ ದಿನದ ಹೊಣೆಯನ್ನು ಅವರೇ ವಹಿಸಿಕೊಂಡಿದ್ದಾರೆ. ಸಲಹೆ ಕೊಟ್ಟವರಿಗೆ ಮನಸಾರೆ ಧನ್ಯವಾದ.