ಅಪ್‌ಡೇಟ್: ಪೀಣ್ಯದ ಹಳೇ ಪ್ಲೇಟಿಂಗ್ ಶೆಡ್ ಜಾಗದ ಕ್ರೋಮಿಯಂ ಕಥೆ

ಪೀಣ್ಯದಲ್ಲಿ ಕ್ರೋಮ್ ಪ್ಲೇಟಿಂಗ್ ಶೆಡ್ ಇದ್ದ ನಮ್ಮ ಜಾಗದಲ್ಲಿ ಕಟ್ಟಡ ಕಟ್ಟುವ ಮೊದಲು, ಕ್ರೋಮಿಯಂ, ನಿಕ್ಕಲ್‌ನಂಥ ಲೋಹ ಸೇರಿ ಕೆಟ್ಟ ಮಣ್ಣನ್ನು ಏನು ಮಾಡಬೇಕು ಅಂತ ಇಲ್ಲಿ ಕೇಳಿದ್ದೆ. ಈಗ ಪಾಯದ ಕೆಲಸ ಶುರುವಾಗಿದೆ.

ಕೈಹಿಡಿದದ್ದು ಫೆರಸ್ ಸಲ್ಫೇಟ್ (ಕಬ್ಬಿಣದ ಒಂದು ಲವಣ) ಬೆರೆಸಿ ಅನ್ನುವ ಸಲಹೆ. ನೀರಿನಲ್ಲಿ ಕರಗಿ ಕೆಳಗಿಳಿಯುವ ಹೆಕ್ಸಾವೆಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಇದರಿಂದ ಟ್ರೈವೆಲೆಂಟ್ ಅನ್ನುವ ಕಡಿಮೆ ಅಪಾಯದ ರೂಪಕ್ಕೆ ಬದಲಾಗುತ್ತದೆ, ಮಣ್ಣಿಗೇ ಅಂಟಿಕೊಂಡು ಕೂರುತ್ತದೆ. ಮೊದಲು ಲ್ಯಾಬ್‌ನಲ್ಲಿ ಸ್ವಲ್ಪ ಮಣ್ಣಿಗೆ ಬೆರೆಸಿ ನೋಡಿಸಿದೆವು. ಪ್ರಮಾಣ ಗೊತ್ತಾಗಿದ್ದೇ ಹಾಗೆ.

ಬರೀ ಸುಣ್ಣ ಹಾಕಿದ್ದು ಪ್ರಯೋಜನಕ್ಕೆ ಬರಲಿಲ್ಲ. ನಿಕ್ಕಲ್‌ಗೆ ಅದು ಸರಿ, ಆದರೆ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ, ಕ್ಷಾರದ ಮಣ್ಣಿನಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಇನ್ನೂ ಸಲೀಸಾಗಿ ಓಡಾಡುತ್ತದೆ. ಸಾಸಿವೆ ಬೆಳೆಸಿ, ಗಿಡ ಲೋಹವನ್ನು ಹೀರಿಕೊಳ್ಳುತ್ತದೆ ಅಂದವರಿಗೆ ಥ್ಯಾಂಕ್ಸ್, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಬೇರು ಹೋಗದ ಆಳದಲ್ಲಿ ಏನೂ ಆಗಲ್ಲ. ಬೆಳೆದ ಗಿಡವನ್ನು ದನಕ್ಕೂ ಹಾಕುವಂತಿಲ್ಲ!

ಆಶ್ಚರ್ಯ ಅಂದ್ರೆ, ಇಡೀ ಜಾಗ ಕೆಟ್ಟಿರಲಿಲ್ಲ. ಹಳೇ ಟ್ಯಾಂಕ್ ಇದ್ದಲ್ಲಿ, ಚರಂಡಿಯ ಉದ್ದಕ್ಕೆ ಮಾತ್ರ ಜಾಸ್ತಿ. ನೆಲದ ಕಾಂಕ್ರೀಟ್ ಕೂಡ ಹಳದಿ ಕಲೆಯಾಗಿ ಕ್ರೋಮಿಯಂ ಕುಡಿದಿತ್ತು. ಸುಮ್ನೆ ಒಡೆದು ಭರ್ತಿಗೆ ಬಳಸಿದ್ದರೆ ಮತ್ತೆ ಅದೇ ಕಥೆ, ಅಲ್ವಾ? ಅದನ್ನೂ ತೀರಾ ಕೆಟ್ಟ ಮಣ್ಣನ್ನೂ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸಿದೆವು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಲೋಡ್ ಜೊತೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಕಡ್ಡಾಯ.

ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಬಿಟ್ಟು ಮಣ್ಣಿನ ಲೋಹ ಅಳೆಯುವ ಕೈ ಉಪಕರಣ) ಬಾಡಿಗೆಗೆ ತರುವವರು ಗಮನಿಸಿ: ಅದು ಒಟ್ಟು ಕ್ರೋಮಿಯಂ ಮಾತ್ರ ತೋರಿಸುತ್ತದೆ. ಹೆಕ್ಸಾವೆಲೆಂಟ್ ಎಷ್ಟು ಅಂತ ಲ್ಯಾಬೇ ಹೇಳಬೇಕು. ಬೋರ್‌ವೆಲ್ ನೀರನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ.