‘ಆಮ್ಲೀಯತೆ ಜಾಸ್ತಿ’ ಅಂದರೆ ಯಾವುದು ಜಾಸ್ತಿ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ಬಿ.ಎಸ್ಸಿ. ಓದುವವರಿಗಾಗಿ ವೇಗವರ್ಧಕಗಳ (ಕ್ಯಾಟಲಿಸ್ಟ್) ಬಗ್ಗೆ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ಸರ್ಫೇಸ್ ಅಸಿಡಿಟಿ’ಗೆ ‘ಮೇಲ್ಮೈ ಆಮ್ಲೀಯತೆ’ ಎಂದು ಸುಲಭವಾಗಿ ಬರೆದುಬಿಡಬಹುದು. ಆದರೆ ಅಳತೆಯ ವಿಷಯಕ್ಕೆ ಬಂದಾಗ ಆ ಒಂದು ಪದ ಸಾಲುವುದಿಲ್ಲ.

ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಅಥವಾ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಪುಡಿಯ ಮೇಲೆ ಟಂಗ್‌ಸ್ಟನ್ ಆಕ್ಸೈಡನ್ನು ತೆಳ್ಳಗೆ ಹರಡಿದರೆ ಘನ ಆಮ್ಲ ಸಿಗುತ್ತದೆ. ಆಮ್ಲದ ಗುಣ ಪುಡಿಯ ಮೈಮೇಲೇ ಇರುತ್ತದೆ, ನೀರಿಗೆ ಕರಗಿ ಬರುವುದಿಲ್ಲ. ಹಾಗಾಗಿ ಆಮ್ಲಕ್ಕೆ ಅಂಟಿಕೊಳ್ಳುವ ಪ್ರತ್ಯಾಮ್ಲವಾದ ಅಮೋನಿಯಾ ಕೊಟ್ಟು ಅಳೆಯುತ್ತಾರೆ. ಪುಡಿಯನ್ನು ಹೀಲಿಯಂ ಹರಿವಿನಲ್ಲಿ ಚೆನ್ನಾಗಿ ಕಾಯಿಸಿ ತೇವ ತೆಗೆದು, ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಅಮೋನಿಯಾ ಹಾಯಿಸುತ್ತಾರೆ. ಸಡಿಲವಾಗಿ ಕೂತದ್ದು ಹೀಲಿಯಂ ಜೊತೆ ಹೋಗುತ್ತದೆ. ಆಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಏರಿಸುತ್ತಾ, ಬಿಟ್ಟುಬರುವ ಅಮೋನಿಯಾವನ್ನು ಡಿಟೆಕ್ಟರಿನಲ್ಲಿ ನೋಡುತ್ತಾರೆ.

ಬರುವ ಗ್ರಾಫಿನಲ್ಲಿ ಎರಡು ಉತ್ತರಗಳಿವೆ. ಗೆರೆಯ ಕೆಳಗಿನ ವಿಸ್ತೀರ್ಣದಿಂದ ಆಮ್ಲ ತಾಣಗಳು (ಅಮೋನಿಯಾವನ್ನು ಹಿಡಿದುಕೊಳ್ಳುವ ಜಾಗಗಳು) ಎಷ್ಟು ಅನ್ನುವುದು ಸಿಗುತ್ತದೆ, ಗ್ರಾಂಗೆ ಇಷ್ಟು ಮಿಲಿಮೋಲ್ ಎಂದು. ಗೆರೆ ಯಾವ ಉಷ್ಣತೆಯಲ್ಲಿ ಶಿಖರ ಮುಟ್ಟಿತು ಅನ್ನುವುದರಿಂದ ಆ ತಾಣಗಳ ಹಿಡಿತ ಎಷ್ಟು ಬಿಗಿ ಎಂಬ ಅಂದಾಜು ಸಿಗುತ್ತದೆ. ‘ಈ ಪುಡಿಯ ಆಮ್ಲೀಯತೆ ಜಾಸ್ತಿ’ ಎಂದರೆ ಯಾವುದನ್ನು ಹೇಳಿದಂತಾಯಿತು? ಶಿರಸಿ ಕಡೆಯ ಅಡುಗೆಮನೆಯಲ್ಲೂ ‘ಹುಳಿ ಜಾಸ್ತಿ ಆಯ್ತು’ ಅಂದರೆ ಹುಳಿಗೆಂದು ಹಾಕುವ ಉಪ್ಪಾಗೆ ಸಿಪ್ಪೆ ಹೆಚ್ಚು ಬಿತ್ತೋ, ಸಿಪ್ಪೆಯೇ ಅಷ್ಟು ಹುಳಿಯೋ ಗೊತ್ತಾಗುವುದಿಲ್ಲ ಅಲ್ವಾ?

ಎರಡನೆಯ ಉತ್ತರಕ್ಕೆ, ಅಂದರೆ ಹಿಡಿತದ ಬಿಗಿಗೆ, ಮೊದಲು ‘ಆಮ್ಲ ತೀವ್ರತೆ’ ಎಂದು ಯೋಚಿಸಿದೆ. ಅದು ಇನ್ನೂ ಗೊಂದಲ. ಅಮೋನಿಯಾದ ಹಾಗೆಯೇ ಪ್ರತ್ಯಾಮ್ಲವಾದ ಪಿರಿಡೀನ್ ಕೊಟ್ಟು ಇನ್‌ಫ್ರಾರೆಡ್‌ನಲ್ಲಿ ನೋಡುವ ವಿಧಾನವೂ ಇದೇ ಟಿಪ್ಪಣಿಯಲ್ಲಿದೆ. ಅಲ್ಲಿ 1540 cm⁻¹ ಹತ್ತಿರದ ಪಟ್ಟಿ (ಬ್ಯಾಂಡ್) ಪ್ರೋಟಾನ್ ಕೊಡುವ ಬ್ರಾನ್‌ಸ್ಟೆಡ್ ತಾಣಗಳದು, 1450 cm⁻¹ ಹತ್ತಿರದ್ದು ಎಲೆಕ್ಟ್ರಾನ್ ಜೋಡಿ ಪಡೆಯುವ ಲೂಯಿಸ್ ತಾಣಗಳದು. ಅಮೋನಿಯಾದ ಗ್ರಾಫ್ ಈ ಎರಡನ್ನು ಬೇರ್ಪಡಿಸಲಾರದು, ಅದಕ್ಕೇ ಪಿರಿಡೀನ್ ಬೇಕು. ಆ ಪಟ್ಟಿಗಳ ‘ತೀವ್ರತೆ’ (ಇಂಟೆನ್ಸಿಟಿ) ಹೇಳುವುದು ತಾಣಗಳ ಸಂಖ್ಯೆಯನ್ನು, ಬಲವನ್ನಲ್ಲ! ಒಂದೇ ಪುಟದಲ್ಲಿ ಒಂದೇ ಪದ ಎರಡು ಕಡೆ ಎಳೆದರೆ ಓದುವವರ ಪಾಡೇನು?

ಸದ್ಯಕ್ಕೆ ‘ಆಮ್ಲಬಲ’ ಮತ್ತು ‘ಆಮ್ಲ ತಾಣಗಳ ಸಂಖ್ಯೆ’ ಎಂದು ಇಟ್ಟುಕೊಂಡಿದ್ದೇನೆ. ಪ್ರಬಲ ಆಮ್ಲ, ದುರ್ಬಲ ಆಮ್ಲ ಎಂದು ಹೈಸ್ಕೂಲಿನಲ್ಲೇ ಓದಿರುತ್ತಾರೆ, ಹಾಗಾಗಿ ‘ಬಲ’ ಹೊಸದಲ್ಲ. ಒಂದೇ ಅಳುಕು: ಲ್ಯಾಬಿನ ಮಾತಿನಲ್ಲಿ ‘ಸ್ಟ್ರಾಂಗ್ ಆಸಿಡ್’ ಅಂದರೆ ಎಷ್ಟೋ ಜನರಿಗೆ ನೀರು ಬೆರೆಸದ ಆಸಿಡ್ ಅಷ್ಟೇ.

ಇನ್ನೊಂದು ತೊಡಕು ‘ಸಪೋರ್ಟೆಡ್’, ಅಂದರೆ ಮೇಲೆ ಹೇಳಿದಂತೆ ಬೇರೊಂದು ಪುಡಿಯ ಮೇಲೆ ಕೂರಿಸಿದ ಆಕ್ಸೈಡಿಗೆ ಹೇಳುವ ಪದ. ‘ಆಧಾರಿತ ಆಕ್ಸೈಡ್’ ಎಂದು ಬರೆಯಲು ನನಗೆ ಮನಸ್ಸಿಲ್ಲ. ‘ಕಾದಂಬರಿ ಆಧಾರಿತ ಚಿತ್ರ’ ಓದಿದ ಕಣ್ಣಿಗೆ ‘ಅಲ್ಯುಮಿನಾ ಆಧಾರಿತ’ ಎಂದರೆ ಅಲ್ಯುಮಿನಾದಿಂದಲೇ ಮಾಡಿದ್ದು ಅನ್ನಿಸುತ್ತದೆ. ‘ಅಲ್ಯುಮಿನಾ ಹೊತ್ತ ಆಕ್ಸೈಡ್’ ಎಂದರೆ ಯಾರು ಯಾರನ್ನು ಹೊತ್ತರು? ‘ಲೇಪಿತ’ ಎಂದರೆ ಬಣ್ಣ ಬಳಿದಂತೆ ಪೂರ್ತಿ ಮುಚ್ಚಿದೆ ಎಂದಾಗುತ್ತದೆ, ಆದರೆ ಎಷ್ಟೋ ಸಲ ಆಕ್ಸೈಡ್ ಒಂದು ಪದರದಷ್ಟೂ ಇರುವುದಿಲ್ಲ, ನಡುನಡುವೆ ಅಲ್ಯುಮಿನಾ ಬರಿದಾಗೇ ಇರುತ್ತದೆ. ಉದ್ದವಾದರೂ ‘ಅಲ್ಯುಮಿನಾ ಮೇಲೆ ಹರಡಿದ ಆಕ್ಸೈಡ್’ ನನಗೆ ಹಿಡಿಸಿದೆ.

ಕನ್ನಡದಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವರು, ‘ಆಮ್ಲಬಲ’ವನ್ನು ಸಾಂದ್ರತೆಯ ಅರ್ಥದಲ್ಲಿ ಬಳಸಿದ್ದು ಎಲ್ಲಾದರೂ ಕಂಡಿದ್ದರೆ ತಿಳಿಸಿ. ಹಾಗಿದ್ದರೆ ಈ ಪದವನ್ನೂ ಬಿಡಬೇಕಾಗುತ್ತದೆ.